ಮೂರನೇ ಪಾಲು

ಸಾಣಾಪುರದ ಕೆರೆದಂಡೆಯಲ್ಲಿ ತುಕ್ಕು ಹಿಡಿದ ಫಲಕ:
ಮೊಸಳೆಗಳಿವೆ, ಈಜಬಾರದು.
ಹುಲಿಗೆಪ್ಪ ಹರಿಗೋಲಿನ ತಳಕ್ಕೆ ಡಾಂಬರು ಮೆತ್ತುತ್ತ ಅಂದ:
"ಈಜೂದು ಬ್ಯಾಡ ಅಂದಾರ್ರಿ.
ಮುಳುಗೂದು ಬ್ಯಾಡ ಅಂತ ಎಲ್ಲಿ ಬರದಾರ?"

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ
ಹನ್ನೊಂದು ವರ್ಷ ಬಾಯ್ಲರಿನ ಮುಳ್ಳು ಕಾದವನು ನಾನು.
ಒತ್ತಡ ಅಂದರೇನು, ಯಾರೂ ಕಲಿಸಬೇಕಿರಲಿಲ್ಲ.
ಆದರೂ ಬೆನ್ನಿಗೆ ಉಸಿರು ಕಟ್ಟಿಕೊಂಡು ಇಳಿವಾಗ
ಸೊಂಟದ ಬಳಿ ತೂಗುವ ಈ ಸಣ್ಣ ಮುಳ್ಳು
ಮೇಲೇರುವುದನ್ನೇ ಅರಿಯದು.
ಇನ್ನೂರು.
ನೂರ ತೊಂಬತ್ತು.

ನಾಗವೇಣಿ, ಲೆಕ್ಕ ಹೇಳಿಕೊಟ್ಟವಳು ನೀನು,
ಕಾರಟಗಿ ಹೈಸ್ಕೂಲಿನ ಪಿ.ಟಿ. ಟೀಚರು,
ಭಾನುವಾರವೂ ಕೊರಳಲ್ಲಿ ಸೀಟಿ.
ಉಸಿರನ್ನು ಮೂರು ಪಾಲು ಮಾಡು, ಅಂದಿದ್ದೆ.
ಒಂದು ಒಳಗೆ ಹೋಗಲಿಕ್ಕೆ.
ಒಂದು ಹೊರಗೆ ಬರಲಿಕ್ಕೆ.
ಮೂರನೆಯದು ನಿನ್ನದಲ್ಲ,
ಜೊತೆಗಿರುವವರದು. ಮುಟ್ಟಬೇಡ.
ಭತ್ತದ ಪಾಲು ಹೀಗೆ ಹಂಚಿದ್ದನ್ನು
ನಮ್ಮ ಗಿರಣಿಯಲ್ಲಿ ನಾನು ಕಂಡಿಲ್ಲ.

ಮೇಲೆ ಹೇಗೋ ಕೆಳಗೂ ಹಾಗೇ:
ಆನೆಗುಂದಿಯ ಗುಡ್ಡ ನೀರಿಗೆ ಹೆದರಿ ನಿಂತಿಲ್ಲ,
ಬಂಡೆ ಮೇಲೆ ಬಂಡೆ ಹೊತ್ತು ಕೆರೆಯೊಳಗೂ ನಡೆದಿದೆ.
ಎರಡು ಬಂಡೆ ತಲೆಗೆ ತಲೆ ಕೊಟ್ಟಲ್ಲಿ ಒಂದು ಸಂದು,
ಎಮ್ಮೆ ಅಡ್ಡಡ್ಡ ತೂರುವಷ್ಟು.
ಅಲ್ಲಿ ಮೊದಲ ಗಂಟು.
ಬಿಳಿ ನೈಲಾನು ಹುರಿ ಬಿಚ್ಚುತ್ತ, ಬಿಚ್ಚುತ್ತ,
ಹೆಬ್ಬೆರಳು ತೋರುಬೆರಳ ನಡುವೆ ಅದನ್ನೇ ಓದುತ್ತ
ಹಿಂದೆ ಉಳಿದ ಹಸಿರು ಬೆಳಕು
ಮೊದಲು ಕಿಟಕಿಯಷ್ಟಾಯಿತು,
ಆಮೇಲೆ ನಾಲ್ಕಾಣೆ.

ಕಾಲು ಜಾಡಿಸಬಾರದು ಇಲ್ಲಿ.
ಗದ್ದೆ ಗದ್ದೆ ತೊಳೆದು ಬಂದ ಮಣ್ಣು
ಹಿಟ್ಟಿನಂತೆ ಮಲಗಿದೆ, ಕೆಣಕಿದರೆ
ತೌಡಿನ ಕೋಣೆಯ ಧೂಳು: ಕೈಗೆ ಕೈ ಕಾಣದು.
ತೆವಳಿದೆ, ಹೊಟ್ಟೆ ನೆಲಕ್ಕೆ ತಾಗದಂತೆ,
ಮಲಗಿದ ಮಗುವನ್ನು ದಾಟುವವನ ಹಾಗೆ.

ಟಾರ್ಚಿಗೆ ಸಿಕ್ಕಿತು.
ಬಂಡೆಯ ಪಕ್ಕೆಯಲ್ಲಿ ಸಾಲಾಗಿ ಒಂಬತ್ತು ತೂತು,
ಚೌಕ, ಗೇಣಿಗೊಂದು.
ಕೆರೆಯೇ ಇಲ್ಲದ ಕಾಲದಲ್ಲಿ
ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಯಾರೋ ಕೊರೆದದ್ದು.
ಒಣಮರದ ಬೆಣೆ ಬಡಿದು ನೀರು ಹೊಯ್ದರೆ
ಮರ ಉಬ್ಬಿ ಕಲ್ಲು ತಾನೇ ಬಾಯಿ ಬಿಡುತ್ತದಂತೆ.
ಹತ್ತನೆಯದು ಬರೀ ಗೀರು.
ಬುತ್ತಿ ಬಿಚ್ಚಲು ಎದ್ದನೋ, ಏನೋ,
ಬೆಣೆ ಬರಲೇ ಇಲ್ಲ.
ನೀರು ಬಂತು.
ಒಂದು ಕೊಡ ಕೇಳಿದ್ದಕ್ಕೆ ಇಡೀ ಕೆರೆ ಬಂತು.
ತೂತಿನಲ್ಲಿ ಬೆರಳಿಟ್ಟೆ. ಅಂಚು ಇನ್ನೂ ಹರಿತ.

ನನ್ನ ಗುಳ್ಳೆಗಳು ಸೂರಿಗೆ ಏರಿ
ಪಾದರಸದ ಹಾಗೆ ಓಡಾಡಿ ಒಂದು ಗುಂಡಿಯಲ್ಲಿ ಸೇರಿದವು.
ಅಲ್ಲಿ ಮೊದಲೇ ಒಂದು ಮಡುವಿತ್ತು,
ತಟ್ಟೆಯಗಲ, ತಲೆಕೆಳಗು, ಮಿಂಚುವ ಗಾಳಿ.
ಕೊಳೆತ ಎಲೆ ಬಿಟ್ಟದ್ದೂ ಇರಬಹುದು.
ನಿನ್ನದೆಂದೇ ತಿಳಿದೆ,
ಸಂಕ್ರಾಂತಿಯ ಮರುದಿನ ಇದೇ ಸೂರಿಗೆ
ನಗುತ್ತ ನೀ ಬಿಟ್ಟದ್ದು.
ಆ ವಾರವೇ ನಿನ್ನ ಎಡಗಿವಿಯ ತಮಟೆ ಹರಿಯಿತು.
ಕೊಪ್ಪಳದ ಡಾಕ್ಟರು ಚೀಟಿಯಲ್ಲಿ ಬರೆದರು:
ನೀರು ಸಾಕು.

ಮುಳ್ಳು ನೂರ ಮೂವತ್ತನಾಲ್ಕು.
ಮುಂದೆ ಇನ್ನೊಂದು ಸಂದು, ತಣ್ಣನೆಯ ನೀರು
ಅದರೊಳಗಿಂದ ಕೆನ್ನೆ ಸವರಿತು.
ಜೊತೆಗೆ ಯಾರಿಲ್ಲ ಇವತ್ತು.
ಹಾಗಾದರೆ ಮೂರನೇ ಪಾಲು ಯಾರದು?
ಲೆಕ್ಕ ಬೇರೆ ಹಾಕಬಹುದು,
ಇನ್ನೂ ಮೂವತ್ತು ಖರ್ಚು ಮಾಡಬಹುದು,
ಗಿರಣಿ ಸಾಹುಕಾರನ ಹಾಗೆ ತಕ್ಕಡಿಗೆ
ಹೆಬ್ಬೆರಳು ತಾಗಿಸಬಹುದು.
ಎಷ್ಟು ಹೊತ್ತು ಅಲ್ಲೇ ತೂಗುತ್ತಿದ್ದೆನೋ.
ನಿನ್ನ ಮಡುವಿಗೆ ಇನ್ನೊಂದು ಉಸಿರು ಸೇರಿಸಿ
ಹುರಿ ಸುತ್ತತೊಡಗಿದೆ.

ನಾಲ್ಕಾಣೆ ಕಿಟಕಿಯಾಯಿತು.
ಕಿಟಕಿ ಕೆರೆಯಾಯಿತು.

ಹರಿಗೋಲ ಅಂಚಿಗೆ ಕೈ ಹಾಕಿದರೆ
ನೀನು ಬಲಗಿವಿ ತಿರುಗಿಸಿ ಕೇಳಿದೆ:
"ಎಷ್ಟು ಉಳೀತು?"
ಹೇಳಲಿಲ್ಲ. ವಾಲ್ವು ತಿರುವಿದೆ.
ಸುಯ್ಯೆಂದು ಹೊರಬಿದ್ದದ್ದನ್ನು
ನೀನು ಬಗ್ಗಿ, ಕಣ್ಣು ಮುಚ್ಚಿ, ಕೇಳಿಸಿಕೊಂಡೆ,
ಸೀಟಿ ಕೈಯಲ್ಲಿ ಹಿಡಿದು.

ಹುಟ್ಟು ನಿಲ್ಲಿಸಿದ ಹುಲಿಗೆಪ್ಪ ಗಾಬರಿಯಾದ:
"ಗಾಳೀನ ಗಾಳ್ಯಾಗ ಬಿಟ್ರಲ್ರೀ!
ಇದಕ್ಕ ರೊಕ್ಕ ಕೊಟ್ಟೀರೇನು?"